ಗಾಡಿ ಎಷ್ಟು ಕೊಡುತ್ತದೆ

"ಅಜ್ಜಾರ, ದಿನಾ ತಪ್ಪದ ಜಪಾ ಮಾಡಿದರ ವರ್ಷದಾಗ ದುಃಖ ಇಳಿತೈತಿ ಅಂತ ಮಠದ ಪುಸ್ತಕದಾಗ ಐತಿ. ನನ್ನ ಮಗಳು ಹೋಗಿ ಮೂರು ವರ್ಷ ಆತು. ಒಂದಿನಾನೂ ಜಪಾ ಬಿಟ್ಟಿಲ್ಲ. ಎದಿ ಹಗುರಾಗವಲ್ದು. ನನ್ನ ಭಕ್ತಿಯಾಗ ಎಲ್ಲೋ ಕೊರತಿ ಐತಿ. ಒಂದು ಹೊತ್ತಿನ ಊಟ ಬಿಟ್ಟೀನಿ. ಇನ್ನೊಂದು ಹೊತ್ತಿಂದೂ ಬಿಡ್ಲೇನ್ರಿ?" ಎಂದು ಬಸಲಿಂಗವ್ವ ತನ್ನ ಗುರುಗಳನ್ನು ಕೇಳಿದಳು. ಕೈ ಮುಗಿದರೆ ಅವಳ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ಗುರುಗಳು ಬಿಡು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಗಣಿಯಿಂದ ಹಾಸುಗಲ್ಲು ತಂದು ಊರೂರಿಗೆ ಮಾರುವುದು ಅವನ ಕಸುಬು. ಅದಕ್ಕೆಂದು ಹೊಸ ಪಿಕಪ್ ಗಾಡಿ ಕೊಂಡ. ಲೀಟರಿಗೆ ಹದಿನೇಳು ಕಿಲೋಮೀಟರ್ ಕೊಡುತ್ತದೆ ಎಂದು ಮಾರಿದವರು ಹೇಳಿದರು. ಪರೀಕ್ಷೆಯಾಗಿ ಮುದ್ರೆ ಬಿದ್ದ ಸಂಖ್ಯೆ ಅದು. ವ್ಯಾಪಾರಿ ದೇವರ ಮಾತಿನಂತೆ ನಂಬಿದ.

ಅವನ ಗಾಡಿಗೆ ಒಬ್ಬ ಚಾಲಕನಿದ್ದ. ವ್ಯಾಪಾರಿಯ ಜೊತೆಯಲ್ಲೇ ಬೆಳೆದವನು, ಅವನ ಮನೆಯಲ್ಲೇ ಉಂಡವನು. ಅವನ ಕೈಯಲ್ಲಿ ಗಾಡಿ ಲೀಟರಿಗೆ ಹತ್ತರ ಮೇಲೆ ಹೋಗಲಿಲ್ಲ.

ನಮ್ಮ ಜನ ಗಾಡಿ ಎಷ್ಟು ಕುಡಿಯುತ್ತದೆ ಎಂದು ಕೇಳುವುದಿಲ್ಲ ನೋಡು. ಎಷ್ಟು ಕೊಡುತ್ತದೆ ಎಂದು ಕೇಳುತ್ತಾರೆ. ಹಾಳು ಮಾತು ಅದು. ಗಾಡಿ ಹದಿನೇಳು ಕೊಡುತ್ತದೆ, ಕೈಗೆ ಹತ್ತೇ ಬಂದಿದೆ ಎಂದಮೇಲೆ ನಡುವೆ ಯಾರೋ ತಿಂದಿರಲೇಬೇಕಲ್ಲ! ವ್ಯಾಪಾರಿಯ ತಲೆ ಹಾಗೆಯೇ ಓಡಿತು.

"ಡೀಸೆಲ್ ಯಾರಿಗೆ ಮಾರಾಕತ್ತಿ?" ಎಂದು ನಾಲ್ಕು ಜನರ ಎದುರಿಗೆ ಕೇಳಿಬಿಟ್ಟ.

"ನಿಮ್ಮ ಮನಿ ಅನ್ನ ಉಂಡೀನಿ ಸಾವ್ಕಾರ, ಡೀಸೆಲ್ ಮುಟ್ಟಿಲ್ಲ," ಎಂದ ಚಾಲಕ. "ತಪ್ಪು ನನ್ನ ಕಾಲಿಂದ ಇರಬೇಕು. ತಿದ್ಕೋತೀನಿ."

ಪಾಪ, ಅವನೂ ಆ ಸಂಖ್ಯೆಯನ್ನು ನಂಬಿದ್ದ. ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ ನೋಡಿದ. ಗಾಳಿ ಗಾಡಿಯನ್ನು ತಡೆಯದಿರಲೆಂದು ಸುಡು ಬಿಸಿಲಲ್ಲೂ ಕಿಟಕಿ ಏರಿಸಿಕೊಂಡು ಓಡಿಸಿದ. ಹತ್ತು ಹನ್ನೊಂದಾಯಿತು, ಅಷ್ಟೇ. ಅವನ ಹೆಂಡತಿ ನೀರಿಗೆ ಹೋದರೆ ಹೆಂಗಸರು ಡೀಸೆಲ್ ವಾಸನೆ ಎಂದು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಕಳ್ಳನೆನಿಸಿಕೊಂಡು ಬದುಕುವುದು ಅವನಿಂದಾಗಲಿಲ್ಲ. ಕೊನೆಗೆ ಗುಡ್ಡದ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿ ಗಾಡಿಯನ್ನು ಹಾಗೆಯೇ ಇಳಿಬಿಡತೊಡಗಿದ. ಆಗ ಒಂದು ಹನಿಯೂ ಖರ್ಚಾಗುವುದಿಲ್ಲ. ಬ್ರೇಕೂ ಸರಿಯಾಗಿ ಹಿಡಿಯುವುದಿಲ್ಲ. ಒಂದು ದಿನ ಕಲ್ಲು ತುಂಬಿದ ಗಾಡಿ ತಿರುವಿನಲ್ಲಿ ನಿಲ್ಲಲಿಲ್ಲ. ಹಾಸುಗಲ್ಲುಗಳ ಅಡಿಯಿಂದ ಅವನ ಹೆಣ ತೆಗೆದಾಗ ಕಾಲಲ್ಲಿ ಚಪ್ಪಲಿ ಇರಲಿಲ್ಲ.

ವ್ಯಾಪಾರಿ ಎದೆ ಬಡಿದುಕೊಂಡು ಅತ್ತ. ಆಮೇಲೆ ಗಾಡಿ ಮಾರಿದವರ ಬಳಿಗೆ ಹೋಗಿ, ಆ ಹದಿನೇಳನ್ನು ಎಲ್ಲಿ ಅಳೆದಿರಿ ಎಂದು ಕೇಳಿದ.

"ಕೋಣ್ಯಾಗ್ರಿ. ತಿರಗೋ ರೋಲರ್ ಮ್ಯಾಲ ಗಾಡಿ ನಿಲ್ಲಸ್ತಾರ. ಗಾಲಿ ತಿರಗತಾವ, ಗಾಡಿ ನಿಂತಲ್ಲೇ ಇರ್ತೈತಿ," ಎಂದರು ಅವರು.

"ಗುಡ್ಡ? ಕಲ್ಲು?"

"ಅಳಿಯಾಕ ಕಲ್ಲು ಯಾಕ ಹೇರ್ತಾರ್ರೀ!"

ಇಷ್ಟು ತಿಳಿಯಲು ಒಬ್ಬ ಸಾಯಬೇಕಾಯಿತು. ತಿಳಿದದ್ದರಿಂದ ಸತ್ತವನಿಗೆ ಏನೂ ಆಗಲಿಲ್ಲ. ಊರಿನ ಬಾಯಲ್ಲಿ ಅವನ ಹೆಂಡತಿ ಇಂದಿಗೂ ಕಳ್ಳನ ಹೆಂಡತಿಯೇ.

ಗುರುಗಳು ಕತೆ ನಿಲ್ಲಿಸಿದರು. ಬಸಲಿಂಗವ್ವ ಜಾರಿದ ಬಳೆಗಳನ್ನು ಮಣಿಕಟ್ಟಿಗೆ ಸರಿಸಿಕೊಂಡಳು.

"ಹಂಗಾರ ಪುಸ್ತಕದಾಗಿನ ಮಾತು ಸುಳ್ಳೇನ್ರಿ, ಅಜ್ಜಾರ?"

"ಸುಳ್ಳಲ್ಲವ್ವಾ," ಎಂದರು ಗುರುಗಳು, "ಬರದಾವ ನನ್ನಂಥ ಸನ್ಯಾಸಿ, ಅವಗ ಮಣ್ಣು ಮಾಡಾಕ ಮಗಳಿರಲಿಲ್ಲ."