ಅರಸಂಗೇರಿಯ ಎಂಜಲದಿಬ್ಬ

ಪಡುವಣ ಕಡೆಯಿಂದ ಅರಸಂಗೇರಿಗೆ ಬರುವ ಬಸ್ಸು ಊರು ಮುಟ್ಟುವ ಮೊದಲು ಒಂದು ಕಡೆ ನಿಲ್ಲುತ್ತದೆ. ಬಲಗಡೆ ಕಾಲೇಜಿನ ಕಲ್ಲುಕಟ್ಟಡ, ಎಡಗಡೆ ಎರಡಾಳೆತ್ತರದ ಒಂದು ಕರಿಮಣ್ಣಿನ ದಿಬ್ಬ. ಕಂಡಕ್ಟರು “ಎಂಜಲದಿಬ್ಬ ಯಾರ್ರೀ, ಲಗೂನ ಇಳೀರಿ” ಎಂದು ಕೂಗಿದಾಗ ಹೊಸದಾಗಿ ಕಾಲೇಜು ಸೇರಲು ಬಂದ ಹುಡುಗಿಯರು ಮುಖ ಮುಖ ನೋಡಿಕೊಂಡು ಕಿಸಕ್ಕನೆ ನಗುತ್ತಾರೆ. ನಗಲಿ ಪಾಪ, ಹೆಸರೇ ಹಾಗಿದೆ. ಪುರಸಭೆಯವರು ನಾಚಿಕೆಪಟ್ಟು ದಿಬ್ಬದ ಬುಡದಲ್ಲಿ ‘ಜ್ಞಾನಗಿರಿ’ ಎಂದು ಹಸಿರು ಹಲಗೆ ನೆಡಿಸಿದ್ದಾರೆ. ಎಮ್ಮೆಗಳು ಆ ಹಲಗೆಗೆ ಮೈ ತಿಕ್ಕಿಕೊಳ್ಳುವುದನ್ನು ಬಿಟ್ಟರೆ ಅದರಿಂದ ಇನ್ನಾರಿಗೂ ಉಪಯೋಗವಾದದ್ದನ್ನು ನಾನು ಕಂಡಿಲ್ಲ. ಆ ಕಾಲೇಜಿನ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಪುಸ್ತಕ ಕೊಟ್ಟು ಪುಸ್ತಕ ಇಸಿದುಕೊಂಡವನು ನಾನು. ಸರಕಾರದ್ದಲ್ಲದ, ಯಾವ ಸಾಹುಕಾರನದ್ದೂ ಅಲ್ಲದ ಕಾಲೇಜು ಅದು. ಹತ್ತೂರಿನವರು ಕೂಡಿ ಕಟ್ಟಿದ್ದು, ಉಳಿದ ದುಡ್ಡನ್ನು ಯಾರೂ ಮನೆಗೆ ಒಯ್ಯುವಂತಿಲ್ಲ. ದಿಬ್ಬಕ್ಕೆ ಈ ಹೆಸರು ಯಾಕೆ ಎಂದು ಕೇಳಿದವರಿಗೆಲ್ಲ ನಾನು ಕೂರಿಸಿಕೊಂಡು ಹೇಳುತ್ತ ಬಂದಿದ್ದೇನೆ. ಕೇಳಿದವರು ತಲೆ ಅಲ್ಲಾಡಿಸಿ ಎದ್ದು ಹೋಗುತ್ತಾರೆ, ಅಷ್ಟೆ.

ಹಿಂದೆ ಒಮ್ಮೆ ಈ ಜಾಗದಲ್ಲಿ ದಿಬ್ಬವೇ ಇರಲಿಲ್ಲ, ತಗ್ಗಿತ್ತು ಎನ್ನುತ್ತಾರೆ. ಆಗ ನಾಡನ್ನು ಯಾವ ಅರಸ ಆಳುತ್ತಿದ್ದನೆಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರಾದ್ದರಿಂದ ನಾನು ಆ ತಂಟೆಗೆ ಹೋಗುವುದಿಲ್ಲ. ಈಗ ಕಾಲೇಜಿರುವಲ್ಲಿ ಆಗ ಒಂದು ಓದುಮಠವಿತ್ತು. ದೂರದೂರದ ಮಕ್ಕಳು ಬಂದು ವರ್ಷಗಟ್ಟಲೆ ಇದ್ದು ಓದುತ್ತಿದ್ದರು. ಅವರಿಗೆ ಊಟವೂ ಓದೂ ಪುಕ್ಕಟೆ. ಸುತ್ತಲಿನ ಅರವತ್ತು ಹಳ್ಳಿಗಳವರು ಸುಗ್ಗಿಯಲ್ಲಿ ಬಂಡಿಗಟ್ಟಲೆ ಜೋಳ ತಂದು ಮಠದ ಕಣಜಕ್ಕೆ ಸುರಿಯುತ್ತಿದ್ದರು. ಮಠ ಕಟ್ಟಿದ ಹಿರಿಯರು ಎರಡು ಕಟ್ಟಳೆ ಮಾಡಿಟ್ಟಿದ್ದರಂತೆ. ವರ್ಷದ ಕೊನೆಗೆ ಕಣಜವನ್ನು ಗುಡಿಸಿ ಊರಿಗೆ ತೋರಿಸಬೇಕು, ಒಳಗೆ ಒಂದು ಕಾಳೂ ಉಳಿದಿರಬಾರದು ಎಂಬುದು ಒಂದು. ಉಣ್ಣುವ ಅನ್ನವನ್ನು ಹಂಗಿಸಿದ ಊರಿನಲ್ಲಿ ಮತ್ತೆ ತುತ್ತು ಎತ್ತಬಾರದು ಎಂಬುದು ಇನ್ನೊಂದು.

ಬಂದ ಜೋಳವೆಲ್ಲ ಎಲ್ಲಿಗೆ ಹೋಗುತ್ತಿತ್ತು? ಎಲ್ಲಿಗೂ ಇಲ್ಲ, ಇದೇ ಅರಸಂಗೇರಿಗೆ. ದೀಪದೆಣ್ಣೆಗೆ ಗಾಣಿಗ, ಕೊಡಕ್ಕೆ ಕುಂಬಾರ, ಪಂಚೆಗೆ ನೇಕಾರ, ಎಲ್ಲರೂ ಮಠದ ಬಾಗಿಲಿಗೆ ಸರಕು ಹಾಕಿ ಜೋಳ ಅಳೆಸಿಕೊಂಡು ಹೋಗುತ್ತಿದ್ದರು. ಮಗನನ್ನು ನೋಡಲು ಬಂದ ತಂದೆ ತಾಯಿ ನಾಲ್ಕು ದಿನ ಯಾರದೋ ಪಡಸಾಲೆಯಲ್ಲಿ ಇಳಿದುಕೊಂಡು, ಹೋಗುವಾಗ ಸಂತೆಯಲ್ಲಿ ಸೀರೆ, ಕಬ್ಬಿಣ, ಬೆಲ್ಲ ಕೊಳ್ಳುತ್ತಿದ್ದರು. ಜೋಳ ತಂದ ಬಂಡಿ ಖಾಲಿ ಹೋದದ್ದಿಲ್ಲ. ಆದರೆ ಇದು ದಿನದಿನವೂ ನಡೆಯುವ ಸಂಗತಿಯಾದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಕಣ್ಣಿಗೆ ಬಿದ್ದದ್ದು ಒಂದೇ, ಮಠದ ಎದುರಿನ ತಗ್ಗಿಗೆ ಎಸೆಯುತ್ತಿದ್ದ ಉಂಡ ಎಲೆಗಳು. ತಗ್ಗು ತುಂಬಿತು, ನೆಲಕ್ಕೆ ಸಮನಾಯಿತು, ಆಮೇಲೆ ಮೇಲೆದ್ದಿತು. ಕೊಳೆತು ಮಣ್ಣಾದ ಎಲೆಯ ಮೇಲೆ ಮತ್ತೆ ಎಲೆ ಬಿದ್ದು ಬಿದ್ದು ದಿಬ್ಬವೇ ಆಯಿತು. ಕೆಲವು ವರ್ಷದ ಹಿಂದೆ ಒಬ್ಬ ಇಂಜಿನಿಯರು ಅಗೆಸಿ ನೋಡಿ “ಬರೇ ಮಣ್ಣೈತಲ್ರಿ” ಎಂದು ನನ್ನ ಕಡೆ ನಗೆ ಬೀರಿದ. ಎಲೆ ಕೊಳೆತರೆ ಮತ್ತೇನು ಬಂಗಾರವಾಗುತ್ತದೆಯೆ, ಪುಣ್ಯಾತ್ಮ?

ಆ ಎಲೆ ಹಚ್ಚುತ್ತಿದ್ದವಳು ಬೊಮ್ಮವ್ವ ಎಂಬ ವಿಧವೆ. ಮನೆಯಲ್ಲಿ ಅವಳು, ಅವಳ ಅತ್ತೆ, ಇಬ್ಬರೇ. ಅತ್ತೆಗೆ ಕಿವಿ ಪೂರಾ ಹೋಗಿತ್ತು, ಕಾಲೂ ಇರಲಿಲ್ಲವೆನ್ನಬೇಕು, ಹಿತ್ತಲ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಕೈ ಮಾತ್ರ ಗಟ್ಟಿ. ಬೊಮ್ಮವ್ವ ಗುಡ್ಡದಿಂದ ಮುತ್ತಲ ಎಲೆ ತಂದು ಹಾಕಿದರೆ, ಮುದುಕಿ ಕಡ್ಡಿ ಚುಚ್ಚಿ ಚುಚ್ಚಿ ಪತ್ರಾವಳಿ ಮಾಡುತ್ತ ಕೂರುವಳು. ಬೆಳಿಗ್ಗೆ ಬೊಮ್ಮವ್ವ ಹೊರೆ ಹೊತ್ತು ಮಠಕ್ಕೆ ಒಯ್ಯುವಳು, ಮಡಿಲಲ್ಲಿ ಜೋಳ ತರುವಳು. ಎರಡು ಜೀವ ಇದರ ಮೇಲೆಯೇ ನಡೆದಿತ್ತು.

ಊರಿನ ಸಂತೆಗೆ ಯಜಮಾನನಾಗಿದ್ದವನು ಮಾಳಿಸೆಟ್ಟಿ. ಕೆಟ್ಟವನಲ್ಲ, ಹಾಗೆಂದು ನಾನು ಎಲ್ಲಿಯೂ ಹೇಳುವುದಿಲ್ಲ. ಅವನು ಗಾಳಿ ಬೆಳಕು ಚೆನ್ನಾಗಿದೆಯೆಂದು ದಿಬ್ಬದ ಹತ್ತಿರವೇ ಹೊಸ ಮನೆ ಕಟ್ಟಿಸಿದ. ಗಾಳಿಯ ಜೊತೆಗೆ ನಾತವೂ ಬರುತ್ತದೆಂಬುದು ಗೃಹಪ್ರವೇಶದ ಮೇಲೆ ತಿಳಿಯಿತು. ಮಗಳನ್ನು ನೋಡಲು ಬೀಗರು ಬಂದ ದಿನ ಕಾಗೆಯೊಂದು ಅಂಗಳದ ನಡುವೆ, ಗಂಡಿನ ತಾಯಿಯ ಮುಂದೆಯೇ, ಉಂಡೆಲೆಯ ಚೂರೊಂದನ್ನು ಬೀಳಿಸಿತಂತೆ. ಬೀಗರು ಹೆಣ್ಣು ಒಪ್ಪಿದರು, ಆದರೆ ಮೂಗಿಗೆ ಸೆರಗು ಹಿಡಿದೇ ಒಪ್ಪಿದರು. ಸೆಟ್ಟಿಗೆ ಅವಮಾನವಾಯಿತು. ಮಾರನೆಯ ದಿನವೇ ಊರ ಸಭೆ ಕರೆದ.

“ಆ ಎಂಜಲ ದಿಬ್ಬ ನೋಡ್ರಪ್ಪ. ಅದರ ಎತ್ತರ ನೋಡಿದ್ರ ಗೊತ್ತಾಗತೈತಿ, ನಮ್ಮೂರು ಇವರಿಗೆ ಎಷ್ಟು ಉಣಿಸೈತಿ ಅಂತ,” ಎಂದ ಸೆಟ್ಟಿ. “ಊರ ನೆಲ, ಊರ ನೀರು, ಸುಂಕ ಮಾತ್ರ ಇಲ್ಲ. ಇನ್ನು ಮ್ಯಾಲೆ ದಿಬ್ಬಕ್ಕಾದರೂ ಒಂದಿಷ್ಟು ಸುಂಕ ಕೊಡಲಿ.”

ಸಭೆ ಹೌದು ಹೌದು ಎಂದಿತು. ನಿತ್ಯ ಕಣ್ಣೆದುರು ಕಾಣುವ ದಿಬ್ಬ ಸುಳ್ಳು ಹೇಳುತ್ತದೆಯೆ? ಎಂಜಲೆಲ್ಲ ಊರು ಕೊಟ್ಟ ಅನ್ನ ಎಂದೇ ಎಲ್ಲರೂ ನಂಬಿದರು. ಗಾಣಿಗನಿಗೂ ಕುಂಬಾರನಿಗೂ ನಿಜ ಗೊತ್ತಿತ್ತು, ಆದರೆ ಸಂತೆಯಲ್ಲಿ ಜಾಗ ಕೊಡುವವನು ಸೆಟ್ಟಿ. ಅವರು ನೆಲ ನೋಡುತ್ತ ಕೂತರು. ಕೊನೆಗೆ ಹಿಂದೆ ನಿಂತಿದ್ದ ಬೊಮ್ಮವ್ವನೇ ಬಾಯಿ ತೆರೆದಳಂತೆ. “ಯಪ್ಪಾ, ಆ ಎಲಿ ಹಚ್ಚಿದಾಕಿ ನಾನು. ಅದರಾಗ ಉಂಡ ಜ್ವಾಳ ನಮ್ಮೂರದ್ದಲ್ಲ, ಹೊರಗಿಂದ ಬಂದದ್ದು. ದಿಬ್ಬ ಬೆಳದಷ್ಟೂ ಬದುಕಿದಾವ್ರು ನಾವಽ ಅದೀವಿ.” ಯಾರೋ ನಕ್ಕರು. “ಎಂಜಲೆಲಿ ಪರವಾಗಿ ಮಾತಾಡಾಕ ಎಲಿ ಹಚ್ಚಾಕಿನ ಬರಬೇಕ ನೋಡ್ರಿ” ಎಂದು ಇನ್ನೊಬ್ಬ ಅಂದ. ಸಭೆ ಮುಗಿಯಿತು.

ಅವಳು ಅಲ್ಲಿಂದ ನೇರ ಮಠಕ್ಕೆ ಓಡಿದಳು. ಮಠದ ಹಿರಿಯರಾದ ತ್ರಿಲೋಚನ ಪಂಡಿತರು ಆಗಲೇ ಸುದ್ದಿ ಕೇಳಿ ಜಗುಲಿಯಲ್ಲಿ ಕೂತಿದ್ದರು. “ಏನರ ಒಂದಿಷ್ಟು ಕೊಟ್ಟು ಬಾಯಿ ಮುಚ್ಚಸ್ರಿ ಅಪ್ಪಾರ” ಎಂದು ಕಾಲು ಹಿಡಿದಳು. ಪಂಡಿತರು ಅವಳನ್ನು ಕಣಜದ ಬಾಗಿಲಿಗೆ ಕರೆದೊಯ್ದು ತೋರಿಸಿದರು. ವರ್ಷದ ಕೊನೆ, ಗುಡಿಸಿದ ನೆಲ. “ಕೊಡಲು ನನ್ನಲ್ಲಿ ಏನಿದೆ ತಾಯಿ? ಇದ್ದಿದ್ದರೂ ನಾನು ಉಳಿಯುವಂತಿಲ್ಲ. ಅನ್ನ ಹಂಗಿಸಿದ ಮಾತು ಸಭೆಯಲ್ಲಿ ಬಂದುಹೋಯಿತು” ಎಂದರು. ನನಗೆ ಈ ಇಡೀ ಕತೆಯಲ್ಲಿ ಕರುಳು ಹಿಂಡುವ ಜಾಗ ಇದೇ. ಮಠ ಹೋಗಲಿ ಎಂದು ಸೆಟ್ಟಿ ಹೇಳಿರಲಿಲ್ಲ. ಹೋಗಬೇಕೆಂಬ ಆಸೆ ಪಂಡಿತರಿಗೂ ಇರಲಿಲ್ಲ. ಉಳಿಸಿಕೊಳ್ಳಬೇಕೆಂದವಳ ಮಾತಿಗೆ ಬೆಲೆಯಿರಲಿಲ್ಲ. ಯಾರೂ ಬಯಸದ ಕೆಲಸ, ಯಾರಿಗೂ ತಡೆಯಲಾಗದೆ, ಮೂರೇ ದಿನದಲ್ಲಿ ನಡೆದುಹೋಯಿತು. ಸಂಕ್ರಾಂತಿ ಕಳೆದ ಮೂರನೆಯ ದಿನ ಓಲೆಗರಿಯ ಕಟ್ಟುಗಳನ್ನು ತಲೆಯ ಮೇಲಿಟ್ಟುಕೊಂಡು ಮಕ್ಕಳೆಲ್ಲ ಸಾಲಾಗಿ ಊರು ದಾಟಿದರು.

ಮೊದಲ ವಾರ ಊರಿಗೆ ಹಾಯೆನಿಸಿತಂತೆ. ಕಾಗೆ ಇಲ್ಲ, ನಾತ ಇಲ್ಲ. ಎರಡನೆಯ ಸಂತೆಗೆ ಬಂಡಿಗಳು ಬರಲಿಲ್ಲ. ಪಡಸಾಲೆಗಳಲ್ಲಿ ಇಳಿದುಕೊಳ್ಳುವವರಿಲ್ಲ. ಗಾಣಿಗನ ಎತ್ತು ನಿಂತಲ್ಲೇ ನಿಂತಿತು. ಯುಗಾದಿಯ ಹೊತ್ತಿಗೆ ನೇಕಾರರ ಏಳು ಮನೆಗಳಿಗೆ ಬೀಗ ಬಿತ್ತು, ಅವರೆಲ್ಲ ಮಠ ಹೋದ ದಾರಿಯನ್ನೇ ಹಿಡಿದು ಹೋದರು. ಆಗ ಮಾಳಿಸೆಟ್ಟಿ ತಾನೇ ಮೂರು ದಿನದ ಹಾದಿ ನಡೆದು ಹೋಗಿ, ಹೊಸ ಊರಿನಲ್ಲಿ ಪಂಡಿತರ ಮುಂದೆ ಅಡ್ಡಬಿದ್ದ. ಪಂಡಿತರು ಅವನನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡು, “ನನಗೆ ಸಿಟ್ಟಿಲ್ಲ ಸೆಟ್ಟಿ. ಆದರೆ ಈಗ ಈ ಊರಿನ ಒಲೆಗಳೂ ನಮ್ಮ ಒಲೆಯ ಜೊತೆ ಹೊತ್ತಿಕೊಂಡಿವೆ. ಇವನ್ನು ಆರಿಸಿ ನಾನು ಹೇಗೆ ಬರಲಿ?” ಎಂದರು. ಸೆಟ್ಟಿ ಬಂದ ಹಾದಿಯಲ್ಲೇ ತಿರುಗಿ ಬಂದ. ಅವನು ಸಭೆಯಲ್ಲಿ ಆಡಿದ ‘ಎಂಜಲ ದಿಬ್ಬ’ ಎಂಬ ಮಾತನ್ನು ಊರು ಅಂದಿನಿಂದ ತನಗೆ ತಾನೇ ಕೊಟ್ಟುಕೊಂಡ ಶಿಕ್ಷೆಯ ಹಾಗೆ ಉಳಿಸಿಕೊಂಡಿತು.

ಇತ್ತ ಬೊಮ್ಮವ್ವನಿಗೆ ಅತ್ತೆಗೆ ಹೇಳುವ ಧೈರ್ಯವಾಗಲಿಲ್ಲ. ಮಠದ ಊಟದ ಗಂಟೆ ನಿಂತದ್ದು ಕಿವುಡಿಗೆ ಹೇಗೆ ತಿಳಿಯಬೇಕು? ಮುದುಕಿ ಎಂದಿನಂತೆ ಎಲೆ ಹಚ್ಚುತ್ತಲೇ ಇದ್ದಳು. ಬೊಮ್ಮವ್ವ ಎಂದಿನಂತೆ ಬೆಳಿಗ್ಗೆ ಹೊರೆ ಹೊತ್ತು ಹೊರಡುವಳು. ಒಯ್ಯುವುದೆಲ್ಲಿಗೆ? ದಿಬ್ಬದ ನೆತ್ತಿಗೆ ಹೋಗಿ ಹೊರೆ ಇಳಿಸಿ, ಗಾಳಿಗೆ ಹಾರದಂತೆ ಕಲ್ಲು ಹೇರಿ, ಸ್ವಲ್ಪ ಹೊತ್ತು ಕೂತು ಬರುವಳು. ಮನೆಯಲ್ಲಿದ್ದ ಕಾಳು ಮುಗಿಯಿತು. ತನ್ನ ಪಾಲನ್ನೂ ಅತ್ತೆಗೆ ಬಡಿಸಿದಳು, ಅದೂ ಮುಗಿಯಿತು. “ಮಠದಾವ್ರು ಜ್ವಾಳ ಅಳೀಲಿಲ್ಲೇನ?” ಎಂದು ಮುದುಕಿ ಕೇಳಿದ ದಿನ ಬೊಮ್ಮವ್ವ ದಿಬ್ಬಕ್ಕೆ ಹೋಗಿ, ಒಣಗಿದ ಒಂದು ಪತ್ರಾವಳಿ ತಂದು ಅವಳ ಮುಂದಿಟ್ಟಳು. ಮುದುಕಿ ಅದನ್ನು ಬೆಳಕಿಗೆ ಹಿಡಿದು ಈ ಮಗ್ಗುಲು ಆ ಮಗ್ಗುಲು ನೋಡಿದಳು. ಒಂದು ಅಗುಳಿನ ಗುರುತಿಲ್ಲ, ಸಾರಿನ ಕಲೆಯಿಲ್ಲ. ಯಾರೂ ಉಂಡಿಲ್ಲ. ಅವಳಿಗೆ ತಿಳಿಯಿತು. ತಾನೇ ಚುಚ್ಚಿದ ಕಡ್ಡಿಗಳಲ್ಲಿ ಒಂದನ್ನು ಮೆಲ್ಲಗೆ ಕಿತ್ತು ಕೆಳಗಿಟ್ಟಳಂತೆ. ಆಮೇಲೆ ಆ ಕೈ ಎಲೆ ಮುಟ್ಟಲಿಲ್ಲ. ಮುಂದೆ ಅವರಿಬ್ಬರೂ ಏನಾದರೆಂದು ಹೇಳುವವರಿಲ್ಲ.

ಇಂದಿಗೂ ಸಂಕ್ರಾಂತಿ ಕಳೆದ ಮೂರನೆಯ ದಿನ ಮನೆಗೊಬ್ಬರು ಒಂದು ಪತ್ರಾವಳಿ ತಂದು, ಒಂದು ಕಡ್ಡಿ ಕಿತ್ತು, ದಿಬ್ಬದ ಮೇಲಿಟ್ಟು ಕಲ್ಲು ಹೇರುತ್ತಾರೆ. ಕೆಲವರು ಪೇಪರ್ ಪ್ಲೇಟು ತರುತ್ತಾರೆ, ಬೈದು ಬೈದು ನನಗೂ ಸಾಕಾಗಿದೆ. ಇಷ್ಟು ಮಾಡುವ ಊರಿಗೆ ಬುದ್ಧಿ ಬಂದಿರಬೇಕೆಂದು ನೀವು ಅಂದುಕೊಳ್ಳಬಹುದು. ಹೋದ ವರ್ಷದ ಕೊನೆಗೆ ಪುರಸಭೆಯಲ್ಲಿ ಒಂದು ಸಭೆ ಸೇರಿತ್ತು. ಕಾಲೇಜು ತೆರಿಗೆಯಿಲ್ಲದೆ ಊರ ಮುಂದಿನ ಬಂಗಾರದಂಥ ಜಾಗ ಹಿಡಿದಿದೆ, ಮೈದಾನಕ್ಕಾದರೂ ತೆರಿಗೆ ಕೊಡಲಿ ಎಂಬ ಮಾತು. ಕಾಲೇಜಿನವರು ಕೊಡಲು ಏನೂ ಇಲ್ಲ, ಹೆದ್ದಾರಿಯ ಕಡೆಯ ಊರಿನವರು ಕರೆಯುತ್ತಿದ್ದಾರೆ ಎಂದರು. ನಾನು ಎದ್ದು ನಿಂತು, ಈಗ ನಿಮಗೆ ಹೇಳಿದಂತೆಯೇ, ಎಲ್ಲವನ್ನೂ ಹೇಳಿದೆ. ಜನ ಕಣ್ಣೊರೆಸಿಕೊಂಡರು. “ಭಾಳ ಛಲೋ ಹೇಳಿದ್ರಿ ಅಜ್ಜಾರ” ಎಂದು ಶಾಲು ಹೊದಿಸಿ ಚಪ್ಪಾಳೆ ತಟ್ಟಿದರು. ಆಮೇಲೆ ಕೈ ಎತ್ತಿ ತೆರಿಗೆಯ ಠರಾವು ಪಾಸು ಮಾಡಿದರು. ಆ ಶಾಲು ಹೊದ್ದುಕೊಂಡೇ ನಾನು ಕೂತು ನೋಡಿದೆ.

ಬರುವ ಜೂನಿಗೆ ಕಾಲೇಜು ಹೋಗುತ್ತದೆ. ನೀವು ಬಂದರೆ ದಿಬ್ಬ ಇರುತ್ತದೆ, ಹಲಗೆ ಇರುತ್ತದೆ, ನೆತ್ತಿಯ ಮೇಲೆ ಕಲ್ಲು ಹೇರಿದ ಎಲೆಗಳಿರುತ್ತವೆ. ಹೆಸರು ಎಂಜಲದಿಬ್ಬವಾದರೂ ಮೇಲಿರುವ ಒಂದು ಎಲೆಯೂ ಎಂಜಲಲ್ಲ, ಬಗ್ಗಿ ನೋಡಿ. ಈ ಸಲ ನಾನು ನನ್ನ ಮನೆಯ ಎಲೆ ಇಡಲು ದಿಬ್ಬ ಹತ್ತಿದಾಗ ಕಸ್ತೂರೆವ್ವ ಆಗಲೇ ಅಲ್ಲಿದ್ದಳು. ಕಾಲೇಜಿನ ಗೇಟಿನೆದುರು ಖಾನಾವಳಿ ಇಟ್ಟು, ರೊಟ್ಟಿ ಬಡಿದು ಮೂರು ಮಕ್ಕಳನ್ನು ಅದೇ ಕಾಲೇಜಿನಲ್ಲಿ ಓದಿಸಿದವಳು. ಅವಳ ಮುಂದೆ ಒಂದು ಎಲೆಯಲ್ಲ, ಇಡೀ ಹೊರೆಯೇ ಇತ್ತು.

“ಮನಿಗೊಂದು ಸಾಕಲ್ಲವ್ವ, ಇಷ್ಟ್ಯಾಕ?” ಎಂದೆ.

“ಬರೂ ವರ್ಷಕ್ಕೂ ಇರಲಿ ಅಂತ ತರಿಸಿಟ್ಟಿದ್ದೆ ಅಜ್ಜಾರ. ಇನ್ನ ಯಾರು ಉಣ್ಣಾವ್ರು?” ಎಂದಳು.

ಒಂದೊಂದೇ ಎಲೆ ತೆಗೆದು, ಒಂದೊಂದೇ ಕಡ್ಡಿ ಕೀಳತೊಡಗಿದಳು. ಗಾಳಿ ಜೋರಾಗಿತ್ತು. ನಾನು ಅವಳಿಗೆ ಕಲ್ಲು ಆರಿಸಿ ಕೊಡುತ್ತ ಕೂತೆ.