ಮಡಿ ಹಿಡಿದ ಗಾಜುನಾರು

ಹರಿಗೋಲು ಮಾಡುವ ಕಾರ್ಖಾನೆಯಲ್ಲಿ ಫೈಬರ್‌ಗ್ಲಾಸ್ ಎನ್ನುವ ಗಾಜುನಾರಿನ ಬಟ್ಟೆಯ ಸುರುಳಿಯೊಂದಿತ್ತು. ಹರಿಗೋಲಾಗಿ ಹೊಳೆಗಿಳಿಯಬೇಕೆಂಬುದೊಂದೇ ಅದರ ಆಸೆ. ಅದಕ್ಕಾಗಿ ಅಂಟುದ್ರವವಾದ ರಾಳದೊಡನೆ ಕೂಡಿ ಗಟ್ಟಿಯಾಗಬೇಕಿತ್ತು. ಕೂಡುವ ಮುನ್ನ ಮಡಿಯಾಗಬೇಕೆಂದು ಅದು ಹಟ ಹಿಡಿಯಿತು.

"ಮೈಗಂಟಿದ ಕೊಳೆಯೇ, ತೊಲಗು," ಎಂದಿತು ತಯಾರಿಸುವಾಗಲೇ ತನ್ನ ಮೇಲೆ ಹಚ್ಚಿದ್ದ ತೆಳು ಲೇಪಕ್ಕೆ.

"ನಾನು ಕೊಳೆಯಲ್ಲ ತಾಯಿ. ಒಂದು ಕೈಯಲ್ಲಿ ನಿಮ್ಮನ್ನು, ಇನ್ನೊಂದರಲ್ಲಿ ರಾಳರಾಯರನ್ನು ಹಿಡಿದುಕೊಳ್ಳುವವಳು," ಎಂದಿತು ಲೇಪ.

"ನಂಟು ಕುದುರಿಸಲು ನನಗೆ ದಲ್ಲಾಳಿ ಬೇಡ."

ಬಟ್ಟೆ ತನ್ನ ಒಂದು ಅಂಚನ್ನು ಥಿನ್ನರಿನಲ್ಲಿ ಅದ್ದಿ ತೊಳೆದುಕೊಂಡಿತು. ಅಷ್ಟರಲ್ಲಿ ಮೇಸ್ತ್ರಿ ಬಂದು, ಅದೇ ಅಂಚನ್ನು ಕತ್ತರಿಸಿ, ಪರೀಕ್ಷೆಗೆಂದು ರಾಳ ಬಳಿದ. ಮರುದಿನ ಬೆರಳ ಗಿಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬಂತು. ಉಗುರಿನಿಂದ ಎಬ್ಬಿದರೆ ರಾಳ ಕಡಲೆಕಾಯಿ ಸಿಪ್ಪೆಯಂತೆ ಕಳಚಿ ಬಂತು.

"ಇದೇನು ರಾಯರೇ, ನನ್ನನ್ನು ಹಿಡಿದುಕೊಳ್ಳಲೇ ಇಲ್ಲವಲ್ಲ?" ಎಂದಿತು ಬಟ್ಟೆ.

"ಮಡಿಯಲ್ಲಿದ್ದಿರಲ್ಲಮ್ಮ, ಮುಟ್ಟುವುದು ಹೇಗೆ?" ಎಂದಿತು ರಾಳ.

ಮೇಸ್ತ್ರಿ ಆ ತುಂಡನ್ನೆಸೆದು, "ಉಳಿದದ್ದೂ ಹೀಗೇ ಇದ್ದರೆ ಇಡೀ ಸುರುಳಿ ಕಸಕ್ಕೆ," ಎಂದ.

ಬಟ್ಟೆ ತನ್ನ ಉಳಿದ ಮೈಮೇಲಿದ್ದ ಲೇಪಕ್ಕೆ ಪಿಸುಗುಟ್ಟಿತು: "ತಂಗೀ, ನನ್ನನ್ನು ಬಿಡಬೇಡ."

"ನಾನೆಲ್ಲಿ ಬಿಟ್ಟೆ ತಾಯಿ?"

ಆ ವಾರವೇ ಅದೇ ಸುರುಳಿಯಿಂದಾದ ಹೊಸ ಹರಿಗೋಲೊಂದು ಹೊಳೆಯ ಬಂಡೆಗೆ ಬಡಿದು, ಒಂದು ಸುತ್ತು ಗಿರ್ರನೆ ತಿರುಗಿ, ಏನೂ ಆಗದಂತೆ ಮುಂದೆ ಸಾಗಿತು.