ಸಣ್ಣೀರ ರೋಬೋ ಕಾದ ಕತೆ

ಒಬ್ಬ ತಾಯಿ ಇದ್ದಳು, ಅವಳಿಗೊಬ್ಬ ಮಗ ಇದ್ದ. ಇದ್ದ ಅಂದರೆ ಇದ್ದ, ಅಷ್ಟೇ. ತಾಯಿ ಚನ್ನಾಜಮ್ಮ ಮದುವೆ ಛತ್ರದಲ್ಲಿ ಅಡುಗೆಯವಳು. ಮಗ ಸಣ್ಣೀರನಿಗೆ ಹೇಳಿದ್ದಷ್ಟೇ ಗೊತ್ತು. ನಾನು ಕಣ್ಣು ಮುಚ್ಚಿದರೆ ಇವನಿಗೆ ಗತಿ ಯಾರು ಅನ್ನುವುದೇ ಅವಳ ಹೊಟ್ಟೆಯೊಳಗಿನ ಬೆಂಕಿ.

ಛತ್ರದ ಗೌಡರು ಮೂರು ರೋಬೋ ತಂದರು. ಒಂದು ಹಂಡೆ ಹೊರುವುದು, ಒಂದು ಬಡಿಸುವುದು, ಒಂದು ಎಂಜಲೆಲೆ ಎತ್ತುವುದು. ಮೂರೂ ಮೂರು ಕಂಪನಿಯವು, ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಅವನ್ನು ಹೊಂದಿಸಿಕೊಂಡು ಹೋಗಲು ಒಬ್ಬ ಬೇಕಾಗಿತ್ತು. ಚನ್ನಾಜಮ್ಮ ಗೌಡರ ಕಾಲು ಹಿಡಿದು ಆ ಕೆಲಸ ಮಗನಿಗೆ ಕೊಡಿಸಿದಳು. ಅವ್ವ ಹೇಳಿದ್ದನ್ನು ಅವನು ಕೇಳುವನು, ಅವನು ಹೇಳಿದ್ದನ್ನು ಅವು ಕೇಳುವವು.

ಮೊದಲ ದಿನವೇ ಅಡುಗೆಮನೆ ಬಾಗಿಲಲ್ಲಿ ಹಂಡೆಯದೂ ಬಡಿಸುವುದೂ ಢಿಕ್ಕಿ ಹೊಡೆದು ಸಾರೆಲ್ಲ ನೆಲದ ಪಾಲಾಯಿತು.

“ಅಯ್ಯೋ ಮಂಕೆ, ಎದುರಿಗೆ ಬಂದೋರ್ಗೆ ದಾರಿ ಬಿಡ್ಬೇಕು ಅಂತ ಹೇಳ್ಬಾರ್ದಾ?”

“ಹೇಳ್ತೀನಿ ಕಣವ್ವ.”

ಹೇಳಿದ. ಮುಂದಿನ ಮದುವೆಯಲ್ಲಿ ಇದು ಅದಕ್ಕೆ ದಾರಿ ಬಿಟ್ಟಿತು, ಅದು ಇದಕ್ಕೆ ದಾರಿ ಬಿಟ್ಟಿತು. ಎರಡೂ ನಿಂತೇ ಇದ್ದವು. ಬೀಗರು ಬರೀ ಅನ್ನ ಕಲಸುತ್ತ ಕೂತರು.

“ಅಯ್ಯೋ ಮಂಕೆ, ಹಿರೀಕರು ಯಾರೋ ಅವ್ರು ಮೊದ್ಲು ಹೋಗ್ಬೇಕು ಕಣೋ.”

“ಹೇಳ್ತೀನಿ ಕಣವ್ವ.”

ಹೇಳಿದ. ಎಲೆ ಎತ್ತುವುದನ್ನು ಗೌಡರು ಹಳೇ ಮಾಲು ಅಂತ ಅಗ್ಗಕ್ಕೆ ತಂದಿದ್ದರು. ಹಿರೀಕ ಅದೇ, ಹೊರಟದ್ದೂ ಮೊದಲು ಅದೇ. ಉಪ್ಪು ಬೀಳುವ ಮೊದಲೇ ಎಲೆಯೆಲ್ಲ ಎತ್ತಿಕೊಂಡು ಹೋಯಿತು. ಹಿಂದೆ ಬಂದದ್ದು ಬರೀ ಮೇಜಿಗೆ ಪಾಯಸ ಬಡಿಸಿತು.

ಗೌಡರು ಕರೆದರು. “ನಾಳಿದ್ದು ನನ್ ಮಗಳ ಮದ್ವೆ ಚನ್ನಾಜಮ್ಮ. ಅವತ್ತೂ ಹಿಂಗೇ ಆದ್ರೆ ತಾಯಿ ಮಗ ಇಬ್ರೂ ಮನೆಗೆ.”

ಚನ್ನಾಜಮ್ಮನ ಹತ್ತಿರ ಬುದ್ಧಿಮಾತೇ ಮುಗಿದುಹೋಗಿತ್ತು. “ಇನ್ನೇನೂ ಬ್ಯಾಡ ಮಗ. ನಾನು ಮಾಡ್ದಂಗೆ ಮಾಡಿ ಅನ್ನು ಅವುಕ್ಕೆ, ಸಾಕು.”

“ಹೇಳ್ತೀನಿ ಕಣವ್ವ.”

ಹೇಳಿದ. ಗೌಡರ ಮಗಳ ಮದುವೆ ದಿನ ಅವ್ವ ಸಾರು ಕದಡಿದಳು, ಮೂರೂ ಬಂದು ಕದಡಿದವು. ಅವ್ವ ಹಿಡಿ ಉಪ್ಪು ಹಾಕಿದಳು, ಮೂರೂ ಹಿಡಿ ಹಿಡಿ ಉಪ್ಪು ಹಾಕಿದವು. ಸಾರು ಸಮುದ್ರವಾಯಿತು. ಅವ್ವ ತಲೆ ಮೇಲೆ ಕೈ ಹೊತ್ತು ಕೂತಳು. ಮೂರೂ ತಲೆ ಮೇಲೆ ಕೈ ಹೊತ್ತು ಕೂತವು.

ಗೌಡರು ಬಂದರು, ನೋಡಿದರು, ಬಾಗಿಲು ತೋರಿಸಿದರು.

ಅವಳು ಸೆರಗಲ್ಲಿ ಕಣ್ಣೊರೆಸಿಕೊಂಡು, ಊಟಕ್ಕೆ ಕೂತ ಬೀಗರ ನಡುವೆಯೇ ಹೊರನಡೆದಳು. ಸಣ್ಣೀರ ಕುಣಿಯುತ್ತ ಹಿಂದೆ ಬಂದ.

“ಅವ್ವ, ತಿರುಗಿ ನೋಡವ್ವ. ಇವತ್ತು ಒಂದಕ್ಕೊಂದು ತಾಕ್ನೇ ಇಲ್ಲ.”

ತಿರುಗಿದಳು. ಹಿರೀಕ ಮುಂದೆ, ಬಡಿಸುವುದು ನಡುವೆ, ಪಾಯಸದ ಹಂಡೆ ಹೊತ್ತದ್ದು ಹಿಂದೆ. ಸಾಲು ತಪ್ಪದೆ ಬೀದಿಗೆ ಬಂದಿದ್ದವು.

“ವಾಪಸ್ ಕಳ್ಸೋ ಅವುನ್ನ, ಕಳ್ಳತನ ಅಂದಾರು!”

“ನೀನು ವಾಪಸ್ ಹೋದ್ರೆ ಅವೂ ಹೋಗ್ತವೆ ಕಣವ್ವ.”

ಹೊರಹಾಕಿಸಿಕೊಂಡ ಬಾಗಿಲಿಗೆ ಯಾವ ಮುಖ ಹೊತ್ತು ಹೋಗುವುದು? ಚನ್ನಾಜಮ್ಮ ನಡುಬೀದಿಯಲ್ಲೇ ಕುಸಿದು ಕೂತಳು. ಮೂರೂ ಕೂತವು.

ಅವಳು ಬೀದಿಯಲ್ಲಿ, ಬೀಗರು ಬರಿಯೆಲೆಯ ಮುಂದೆ, ಕತೆ ನಿಮ್ಮ ಮುಂದೆ.